ಭೂಪಟ ಮರೆತ ಹೆಸರುಗಳು: ಒಸಾಕಾ ನಗರದ ಕೇರಿಗಳಲ್ಲೊಂದು ಸುತ್ತು

ಜಪಾನಿನ ಒಸಾಕಾ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಪತ್ರಿಕೆಗಳಲ್ಲಿ ಕಂಡ ಕೆಲವೇ ಚಿತ್ರಗಳು. ಭಾರೀ ಕಲ್ಲುಗಳ ತಳಪಾಯದ ಮೇಲೆ ನಿಂತ ಕೋಟೆ, ಡೊತೊನ್‌ಬೊರಿ ಕಾಲುವೆಯ ದಡದಲ್ಲಿ ಝಗಝಗಿಸುವ ದೀಪದ ಫಲಕಗಳು, 1970ರಲ್ಲೊಮ್ಮೆ ಮತ್ತು 2025ರಲ್ಲಿ ಇನ್ನೊಮ್ಮೆ ಅಲ್ಲಿ ಜರಗಿದ ವಿಶ್ವ ವಸ್ತುಪ್ರದರ್ಶನ. ಪ್ರವಾಸಿಗಳಿಗಾಗಿ ಅಚ್ಚಾಗುವ ಪುಸ್ತಕಗಳೂ ಹೆಚ್ಚಾಗಿ ಇಷ್ಟಕ್ಕೇ ತೃಪ್ತಿಪಡುತ್ತವೆ. ಆದರೆ ಸುಮಾರು 27 ಲಕ್ಷ ಜನ ಬಾಳುವ, 24 ವಾರ್ಡುಗಳಾಗಿ ಹಂಚಿಹೋಗಿರುವ ಈ ನಗರದ ನಿಜವಾದ ಬದುಕು ಇರುವುದು ಕೋಟೆಯಲ್ಲೂ ಅಲ್ಲ, ದೀಪದ ಫಲಕಗಳಲ್ಲೂ ಅಲ್ಲ. ಪ್ರವಾಸಿಗಳು ಅಷ್ಟಾಗಿ ಕಾಲಿಡದ ಕೇರಿಗಳಲ್ಲಿ ಅದು ಅಡಗಿದೆ.

ದೂರದ ಜಪಾನಿನ ಕೇರಿಗಳ ಕಥೆ ನಮಗೇಕೆ ಎಂದು ಕೇಳಬಹುದು. ಮನೆಯೊಳಗಿನ ಮಾತು ಒಂದು, ಕಚೇರಿಯ ಮಾತು ಇನ್ನೊಂದು ಎಂಬ ಸ್ಥಿತಿಯಲ್ಲಿ ಬಾಳಿದ ಜನ ಅಲ್ಲಿಯೂ ಇದ್ದಾರೆ. ಮಕ್ಕಳಿಗೆ ತಮ್ಮ ನುಡಿಯನ್ನು ಕಲಿಸುವುದಕ್ಕಾಗಿ ಅವರು ಪಟ್ಟ ಪಾಡು ನಮ್ಮಂಥವರಿಗೆ ತಿಳಿದಿರಬೇಕಾದ ವಿಷಯ. ಆದುದರಿಂದ ಭೂಪಟವೊಂದನ್ನು ಎದುರಿಗೆ ಹರಡಿಕೊಂಡು ನಾವು ಆ ಕೇರಿಗಳಲ್ಲಿ ಒಮ್ಮೆ ಸುತ್ತಿ ಬರೋಣ.

ಸುತ್ತುವುದಕ್ಕೆ ಅನುಕೂಲವಾದ ವಾಹನವೂ ಅಲ್ಲಿದೆ. ನಗರದ ನಡುಭಾಗವನ್ನು ಬಳಸಿ ಉಂಗುರದಂತೆ ಹೋಗುವ ರೈಲುಮಾರ್ಗ 1961ರಲ್ಲಿ ಸಿದ್ಧವಾಯಿತು. ಅದರ ಉದ್ದ 21.7 ಕಿಲೋಮೀಟರ್, ನಿಲ್ದಾಣಗಳು 19. ಎಲ್ಲಿ ಹತ್ತಿದರೂ ಮುಕ್ಕಾಲು ಗಂಟೆಯೊಳಗೆ ಹೊರಟಲ್ಲಿಗೇ ಮರಳಬಹುದು. ಉತ್ತರದ ಒಸಾಕಾ ನಿಲ್ದಾಣದಲ್ಲಿ ರೈಲು ಹತ್ತಿ ಪೂರ್ವದ ದಾರಿಯಾಗಿ ಕೆಳಗಿಳಿಯೋಣ.

ಬೆಂಕಿಗೆ ಸಿಗದ ಸಾಲುಮನೆಗಳು

ಕೋಟೆಯನ್ನು ದಾಟಿದ ಮೇಲೆ ತಮಾತ್ಸುಕುರಿ ನಿಲ್ದಾಣ ಬರುತ್ತದೆ. ಅಲ್ಲಿಂದ ಪಶ್ಚಿಮಕ್ಕೆ ಸ್ವಲ್ಪ ದೂರ ನಡೆದರೆ ಸಿಗುವುದು ಕರಹೊರಿ. ಕರಹೊರಿ ಎಂದರೆ ನೀರಿಲ್ಲದ ಕಂದಕ. ಹಿಂದೆ ಕೋಟೆಯ ಹೊರಗಿನ ಕಂದಕ ಇದ್ದ ಜಾಗವಾದುದರಿಂದ ಈ ಹೆಸರು. ಸಮತಟ್ಟಾದ ಒಸಾಕಾದಲ್ಲಿ ಉತ್ತರ–ದಕ್ಷಿಣವಾಗಿ ಚಾಚಿದ ಒಂದು ಎತ್ತರದ ದಿಣ್ಣೆಯಿದೆ. ಕರಹೊರಿಯ ಪೇಟೆಬೀದಿ ಆ ದಿಣ್ಣೆಯ ಇಳಿಜಾರಿನಲ್ಲಿದೆ. ಎರಡೂ ಬದಿಗಳಲ್ಲಿ ಕಲ್ಲು ಹಾಸಿದ ಇಕ್ಕಟ್ಟಾದ ಓಣಿಗಳು, ಓಣಿಗಳೊಳಗೆ ಹಳೆಯ ಮರದ ಸಾಲುಮನೆಗಳು.

1945ರ ಮಾರ್ಚ್ 13ರ ರಾತ್ರಿ ಅಮೆರಿಕದ ವಿಮಾನಗಳು ಒಸಾಕಾದ ಮೇಲೆ ಬೆಂಕಿಬಾಂಬುಗಳನ್ನು ಸುರಿದವು. ಬೆಳಗಾಗುವಷ್ಟರಲ್ಲಿ ನಾಲ್ಕು ಸಾವಿರದಷ್ಟು ಜನ ಸತ್ತಿದ್ದರು. ನಡು ನಗರದ ಬಹುಭಾಗ ಬೂದಿಯಾಯಿತು. ಆ ಬೆಂಕಿಯಿಂದ ಪಾರಾದ ಕೆಲವೇ ಜಾಗಗಳಲ್ಲಿ ಕರಹೊರಿ ಒಂದು. ಒಂದೇ ಮಾಡಿನ ಕೆಳಗೆ ಗೋಡೆಯಿಂದ ಗೋಡೆಗೆ ಅಂಟಿಕೊಂಡಿರುವ ಇಲ್ಲಿನ ಮನೆಗಳನ್ನು ಕಂಡರೆ ನಮ್ಮ ಪೇಟೆಗಳ ಹಳೆಯ ವಠಾರಗಳ ನೆನಪಾಗುತ್ತದೆ. ಹಿಂದಿನ ಕಾಲದ ಒಸಾಕಾದಲ್ಲಿ ಬಾಡಿಗೆಗೆ ಸಿಗುತ್ತಿದ್ದುದು ಬರಿಯ ಗೋಡೆ ಮತ್ತು ಮಾಡು ಮಾತ್ರ. ನೆಲಕ್ಕೆ ಹಾಸುವ ಚಾಪೆಯನ್ನೂ ಒಳಗಿನ ಜಾರುಬಾಗಿಲುಗಳನ್ನೂ ಬಾಡಿಗೆದಾರನೇ ತರಬೇಕಿತ್ತು, ಮನೆ ಬಿಡುವಾಗ ಹೊತ್ತುಕೊಂಡು ಹೋಗಬೇಕಿತ್ತು. ಹೋದಲ್ಲೆಲ್ಲ ಅವು ಸರಿಹೊಂದಬೇಕಾದುದರಿಂದ ಚಾಪೆಗೂ ಬಾಗಿಲಿಗೂ ಒಂದೇ ಅಳತೆ ಊರೆಲ್ಲ ರೂಢಿಗೆ ಬಂತು. ಇಂದು ಇಲ್ಲಿನ ಹಳೆಯ ಮನೆಗಳಲ್ಲಿ ಹಲವನ್ನು ಕೆಡವದೆ ದುರಸ್ತಿ ಮಾಡಿ ಅಂಗಡಿ, ಕಾಫಿ ಹೋಟೆಲುಗಳನ್ನಾಗಿ ಮಾಡಿದ್ದಾರೆ.

ಇಕೈನೊ ಎಂಬ ಹೆಸರು

ಮತ್ತೆ ರೈಲು ಹತ್ತಿದರೆ ಮುಂದಿನ ನಿಲ್ದಾಣವೇ ತ್ಸುರುಹಾಶಿ. ರೈಲಿನ ಬಾಗಿಲು ತೆರೆದೊಡನೆ ಕೆಂಡದ ಮೇಲೆ ಬೇಯುವ ಮಾಂಸದ ವಾಸನೆ ಮೂಗಿಗೆ ಬಡಿಯುತ್ತದೆ. ಜಪಾನಿನ ಪರಿಸರ ಇಲಾಖೆ 2001ರಲ್ಲಿ ದೇಶದಲ್ಲಿ ಉಳಿಸಿಕೊಳ್ಳತಕ್ಕ ನೂರು ಪರಿಮಳಗಳ ಪಟ್ಟಿಯೊಂದನ್ನು ಮಾಡಿದಾಗ ಹೂದೋಟ, ದೇವಾಲಯ, ಕಾಡುಗಳ ಜತೆಗೆ ತ್ಸುರುಹಾಶಿಯ ಈ ವಾಸನೆಯನ್ನೂ ಸೇರಿಸಿತು. ನಿಲ್ದಾಣದ ಬುಡದಲ್ಲೇ ಹರಡಿರುವ ಮಾರುಕಟ್ಟೆ ಯುದ್ಧಾನಂತರದ ಕಾಳಸಂತೆಯಿಂದ ಬೆಳೆದುದು. ಬಿಸಿಲು ಬೀಳದ ಸಂದಿಗಳಲ್ಲಿ ಮೀನಿನ ಅಂಗಡಿ, ಕೊರಿಯನ್ ರೇಷ್ಮೆಯುಡುಗೆಗಳ ಅಂಗಡಿ, ಮೆಣಸಿನ ಹುಡಿಯಲ್ಲಿ ಕೆಂಪಾದ ಕಿಮ್ಚಿ ಎಂಬ ಉಪ್ಪಿನಕಾಯಿಯ ಅಂಗಡಿ ಒತ್ತೊತ್ತಾಗಿ ನಿಂತಿವೆ.

ಇಲ್ಲಿಂದ ಆಗ್ನೇಯಕ್ಕೆ ನಡೆದರೆ ಇಕುನೊ ವಾರ್ಡು. ಇಲ್ಲಿನ ನಿವಾಸಿಗಳಲ್ಲಿ ಐವರಲ್ಲೊಬ್ಬರು ವಿದೇಶೀ ಪೌರತ್ವದವರು. ಅವರಲ್ಲಿ ಹೆಚ್ಚಿನವರು ಕೊರಿಯನ್ ಮೂಲದವರು. ಅದರಲ್ಲೂ ದಕ್ಷಿಣದ ಜೇಜು ದ್ವೀಪದಿಂದ ಬಂದವರ ಮಕ್ಕಳು, ಮೊಮ್ಮಕ್ಕಳು ಬಹಳ. ಜಪಾನು 1910ರಲ್ಲಿ ಕೊರಿಯಾವನ್ನು ತನ್ನ ಸಾಮ್ರಾಜ್ಯಕ್ಕೆ ಸೇರಿಸಿಕೊಂಡಿತು. 1920ರ ದಶಕದಲ್ಲಿ ಜೇಜುವಿನಿಂದ ನೇರವಾಗಿ ಒಸಾಕಾಕ್ಕೆ ಹಡಗು ಓಡತೊಡಗಿತು. ಹೊಲದಲ್ಲಿ ಹೊಟ್ಟೆ ತುಂಬದವರು ಆ ಹಡಗು ಹತ್ತಿ ಬಂದು ಇಲ್ಲಿನ ರಬ್ಬರು, ಗಾಜು, ಲೋಹದ ಸಣ್ಣ ಕಾರ್ಖಾನೆಗಳಲ್ಲಿ ದುಡಿದರು. 1948ರಲ್ಲಿ ಜೇಜುವಿನಲ್ಲಿ ದಂಗೆಯೆದ್ದು, ಅದನ್ನು ಅಡಗಿಸುವ ನೆಪದಲ್ಲಿ ಸಾವಿರಾರು ಜನರ ಕಗ್ಗೊಲೆಯಾದಾಗ ಇನ್ನಷ್ಟು ಮಂದಿ ಕದ್ದುಮುಚ್ಚಿ ಸಮುದ್ರ ದಾಟಿ ಇಲ್ಲಿಗೇ ಬಂದರು.

ಅವರು ನೆಲೆಸಿದ ಜಾಗದ ಹೆಸರು ಇಕೈನೊ. ಹಂದಿ ಸಾಕುವವರ ಬಯಲು ಎಂದು ಆ ಹೆಸರಿನ ಅರ್ಥ. ಕೊರಿಯನರು ಬರುವುದಕ್ಕೆ ಎಷ್ಟೋ ಶತಮಾನಗಳ ಹಿಂದಿನಿಂದಲೇ ಇದ್ದ ಹೆಸರು ಅದು. ವಿಳಾಸದಲ್ಲಿ ‘ಜಪಾನ್, ಇಕೈನೊ’ ಎಂದಷ್ಟೇ ಬರೆದರೂ ಊರಿನಿಂದ ಬಂದ ಕಾಗದ ತಲಪುತ್ತಿತ್ತೆಂಬ ಮಾತು ಅಲ್ಲಿ ಪ್ರಚಲಿತವಾಗಿದೆ. ಆದರೆ 1973ರ ಫೆಬ್ರವರಿ 1ರಂದು ವಿಳಾಸಗಳ ಪುನರ್ವಿಂಗಡಣೆಯಾದಾಗ ಇಕೈನೊ ಎಂಬ ಹೆಸರನ್ನು ಭೂಪಟದಿಂದಲೇ ತೆಗೆದುಹಾಕಲಾಯಿತು. ಆ ಜಾಗವನ್ನು ಸುತ್ತಲಿನ ಬೇರೆ ಹೆಸರುಗಳಿಗೆ ಹಂಚಿದರು. ಇಕೈನೊ ಎಂದರೆ ಕೊರಿಯನರ ಕೇರಿ ಎಂದು ಮೂಗು ಮುರಿಯುವವರಿದ್ದ ಕಾಲ. ಕೆಲಸ ಕೇಳುವಾಗ, ಸಂಬಂಧ ಕುದುರಿಸುವಾಗ ಆ ವಿಳಾಸವೇ ಅಡ್ಡಿಯಾಗುತ್ತಿತ್ತು.

ಅಳಿಸಿಹೋದ ಆ ಹೆಸರನ್ನು ಉಳಿಸಿದವನು ಒಬ್ಬ ಕವಿ. 1929ರಲ್ಲಿ ಹುಟ್ಟಿದ ಕಿಮ್ ಶಿಜೊಂಗ್ 1949ರಲ್ಲಿ ಜೇಜುವಿನಿಂದ ತಪ್ಪಿಸಿಕೊಂಡು ಒಸಾಕಾ ಸೇರಿದವರು. ಇಕೈನೊದ ಹೆಸರನ್ನೇ ಹೊತ್ತ ಅವರ ಕವನ ಸಂಕಲನ 1978ರಲ್ಲಿ ಪ್ರಕಟವಾಯಿತು. ವಿಚಿತ್ರವೆಂದರೆ ಅವರು ಬರೆದುದು ಜಪಾನೀ ಭಾಷೆಯಲ್ಲಿ. ವಸಾಹತು ಕಾಲದ ಶಾಲೆಯಲ್ಲಿ ಜಪಾನೀ ಭಾಷೆಯನ್ನೇ ಕಲಿತು ಬೆಳೆದ ಅವರಿಗೆ 1945ರಲ್ಲಿ ಕೊರಿಯಾ ಸ್ವತಂತ್ರವಾದಾಗ ಸ್ವಂತ ಭಾಷೆಯ ಅಕ್ಷರವೇ ಬರುತ್ತಿರಲಿಲ್ಲ. ಹದಿಹರೆಯದಲ್ಲಿ ಅದನ್ನು ಮೊದಲಿನಿಂದ ಕಲಿಯಬೇಕಾಯಿತು. ಹಾಗೆ ಕಲಿತವರೇ 1973ರಿಂದ ನೆರೆಯ ಕೋಬೆ ನಗರದ ಸರಕಾರೀ ಪ್ರೌಢಶಾಲೆಯೊಂದರಲ್ಲಿ ಕೊರಿಯನ್ ಭಾಷೆಯ ಅಧ್ಯಾಪಕರಾದರು.

ಇಂದು ಇಕೈನೊದ ನಡುಬೀದಿ ‘ಕೊರಿಯಾ ಟೌನ್’ ಎಂಬ ಹೆಸರಿನಲ್ಲಿ ಹೊಸ ಪ್ರಾಯದವರನ್ನು ಸೆಳೆಯುತ್ತಿದೆ. 1993ರಲ್ಲಿ ಬೀದಿಗೆ ಬಣ್ಣದ ಹೆಬ್ಬಾಗಿಲುಗಳನ್ನು ಕಟ್ಟಿದರು. 2003ರ ಬಳಿಕ ಕೊರಿಯಾದ ಟೆಲಿವಿಷನ್ ಧಾರಾವಾಹಿಗಳೂ ಅನಂತರ ಹಾಡುಗಳೂ ಜಪಾನಿನ ಹುಡುಗಿಯರ ಮನಸ್ಸನ್ನು ಸೂರೆಗೊಂಡವು. ಅರ್ಧ ಕಿಲೋಮೀಟರಿನ ಈ ಬೀದಿಯಲ್ಲಿ ರಜಾದಿನಗಳಂದು ಕಾಲಿಡಲು ಜಾಗವಿಲ್ಲ. ಒಂದು ಕಾಲದಲ್ಲಿ ವಾಸನೆಯೆಂದು ಮೂಗು ಮುಚ್ಚಿಕೊಂಡವರ ಮೊಮ್ಮಕ್ಕಳು ಅದೇ ಕಿಮ್ಚಿಗಾಗಿ ಸಾಲು ನಿಲ್ಲುತ್ತಾರೆ. ಆದರೆ ಎಲ್ಲವೂ ಸುಖಾಂತವಾಗಿದೆ ಎಂದುಕೊಳ್ಳಬಾರದು. 2013ರಲ್ಲಿಯೂ ತ್ಸುರುಹಾಶಿಯ ಬೀದಿಯಲ್ಲಿ ಕೊರಿಯನರನ್ನು ಕೊಲ್ಲಬೇಕೆಂದು ಬಹಿರಂಗವಾಗಿ ಕೂಗಿದ ಗುಂಪುಗಳಿದ್ದುವು. ಇಂಥ ದ್ವೇಷದ ಮಾತಿಗೆ ಕಡಿವಾಣ ಹಾಕುವ ನಿಯಮವನ್ನು ಒಸಾಕಾ ನಗರಸಭೆ 2016ರ ಜನವರಿಯಲ್ಲಿ ಮಾಡಿತು. ಜಪಾನಿನಲ್ಲಿ ಅದೇ ಮೊದಲನೆಯದು.

ಶಾಲೆ ಬಿಟ್ಟ ಮೇಲಿನ ತರಗತಿ

ಅಧ್ಯಾಪಕ ವೃತ್ತಿಯವರಾದ ನಮ್ಮನ್ನು ಇಕುನೊದಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ತಡೆದು ನಿಲ್ಲಿಸುವುದು ಅಲ್ಲಿನ ಶಾಲೆಗಳ ಕಥೆ.

1945ರಲ್ಲಿ ಯುದ್ಧ ಮುಗಿದಾಗ ಜಪಾನಿನಲ್ಲಿದ್ದ ಕೊರಿಯನರಲ್ಲಿ ಹೆಚ್ಚಿನವರು ಊರಿಗೆ ಮರಳಿದರೂ ಸುಮಾರು 6 ಲಕ್ಷ ಮಂದಿ ಅಲ್ಲೇ ಉಳಿದರು. ಮಕ್ಕಳಿಗೆ ತಮ್ಮ ಭಾಷೆ ಬರುವುದಿಲ್ಲವೆಂಬ ಚಿಂತೆ ಅವರಿಗೆ. ತಮ್ಮ ಕೈಯಿಂದಲೇ ಹಣ ಕೂಡಿಸಿ, ಸಿಕ್ಕಿದ ಶೆಡ್ಡುಗಳಲ್ಲಿ, ಬಾಡಿಗೆ ಕೋಣೆಗಳಲ್ಲಿ ಶಾಲೆ ತೆರೆದರು. ಎರಡು ವರ್ಷಗಳೊಳಗೆ ದೇಶದಾದ್ಯಂತ ಐನೂರಕ್ಕೂ ಹೆಚ್ಚು ಶಾಲೆಗಳಾದುವು. ಆದರೆ 1948ರ ಜನವರಿಯಲ್ಲಿ, ಅಮೆರಿಕನ್ ಸೈನ್ಯದ ಆಡಳಿತದ ಕಾಲದಲ್ಲಿ, ಕೊರಿಯನ್ ಮಕ್ಕಳು ಜಪಾನೀ ಶಾಲೆಗಳಿಗೇ ಹೋಗತಕ್ಕದ್ದೆಂದು ಶಿಕ್ಷಣ ಇಲಾಖೆ ಸುತ್ತೋಲೆ ಹೊರಡಿಸಿತು. ಶಾಲೆಗಳನ್ನು ಮುಚ್ಚುವ ಆಜ್ಞೆಗಳೂ ಬಂದುವು. ಏಪ್ರಿಲ್ ತಿಂಗಳಲ್ಲಿ ಕೋಬೆ, ಒಸಾಕಾ ನಗರಗಳಲ್ಲಿ ಹೆತ್ತವರು ಬೀದಿಗಿಳಿದರು. ಕೋಬೆಯಲ್ಲಿ ತುರ್ತುಪರಿಸ್ಥಿತಿ ಸಾರಿದರು. ಏಪ್ರಿಲ್ 26ರಂದು ಒಸಾಕಾದ ಪ್ರಾಂತ ಕಚೇರಿಯ ಮುಂದೆ ನೆರೆದ ಜನರ ಮೇಲೆ ಪೋಲೀಸರು ಗುಂಡು ಹಾರಿಸಿದಾಗ ಕಿಮ್ ತೆ–ಇಲ್ ಎಂಬ 16 ವರ್ಷದ ಹುಡುಗ ಸತ್ತ. ಅವನು ಸತ್ತುದು ಒಂದು ಭಾಷೆಯ ಶಾಲೆಗಾಗಿ.

ಮುಂದೆ ರಾಜಿಯಾಯಿತು. ಜಪಾನೀ ಶಾಲೆಗಳಲ್ಲಿಯೇ, ಪಾಠದ ವೇಳೆಯ ಹೊರಗೆ, ಕೊರಿಯನ್ ಮಕ್ಕಳಿಗಾಗಿ ಪ್ರತ್ಯೇಕ ತರಗತಿ ನಡೆಸಲು ಒಸಾಕಾದಲ್ಲಿ ಒಪ್ಪಿಗೆ ಸಿಕ್ಕಿತು. ನಡೆಸಿದ ಅಧ್ಯಾಪಕರು ನಿವೃತ್ತರಾದಂತೆ ತರಗತಿಗಳೂ ಒಂದೊಂದಾಗಿ ನಿಂತುಹೋಗುತ್ತ ಬಂದುವು. ಸರಕಾರ ತಡೆದುದು ಒಂದು ಕಾರಣ, ಹೆತ್ತವರೇ ಸುಮ್ಮನಾದುದು ಇನ್ನೊಂದು. ಬಡ ತಂದೆತಾಯಿಗಳು ಮಗು ಜಪಾನೀ ಮಾತನ್ನು ಚೆನ್ನಾಗಿ ಕಲಿತು ಹೇಗಾದರೂ ಒಂದು ಉದ್ಯೋಗ ಹಿಡಿಯಲಿ ಎಂದುಕೊಂಡರು. ಮತ್ತೆ ಚೇತರಿಕೆ ಕಂಡುದು 1972ರಲ್ಲಿ, ನಿಶಿನಾರಿ ವಾರ್ಡಿನ ನಾಗಾಹಾಶಿ ಪ್ರಾಥಮಿಕ ಶಾಲೆಯಲ್ಲಿ. ಅಲ್ಲಿ ಹೊಸದಾಗಿ ತೆರೆದ ತರಗತಿಯನ್ನು ಕಂಡು ಬೇರೆ ಶಾಲೆಗಳೂ ತೆರೆದುವು. ವರ್ಷಗಟ್ಟಲೆ ಸಂಬಳವಿಲ್ಲದೆ ಅಥವಾ ಅಲ್ಪ ಸಂಬಳಕ್ಕೆ ತರುಣ ಕೊರಿಯನರು ಅಲ್ಲಿ ಕಲಿಸಿದರು. 1991ರಲ್ಲಿ ಜಪಾನ್ ಮತ್ತು ದಕ್ಷಿಣ ಕೊರಿಯಾ ಸರಕಾರಗಳು ಮಾಡಿಕೊಂಡ ಒಪ್ಪಂದ ಇಂಥ ತರಗತಿಗಳಿಗೆ ಮಾನ್ಯತೆಯನ್ನು ನೀಡಿತು. ಇತ್ತೀಚಿನ ವರ್ಷಗಳಲ್ಲಿ ಒಸಾಕಾ ನಗರದ ಸುಮಾರು ನೂರು ಶಾಲೆಗಳಲ್ಲಿ ಇವು ನಡೆಯುತ್ತ ಬಂದಿವೆ.

ಸಿಗುವುದು ಹೆಚ್ಚಾಗಿ ವಾರಕ್ಕೊಂದು ಗಂಟೆ, ಅದೂ ಶಾಲೆ ಬಿಟ್ಟ ಮೇಲೆ. ಅಷ್ಟರಲ್ಲಿ ಭಾಷೆ ಪೂರ್ತಿ ಬಂದೀತೇ? ಬರಲಾರದು. ಆದರೆ ಆ ಒಂದು ಗಂಟೆಯಲ್ಲಿ ಒಂದು ಮುಖ್ಯ ಕೆಲಸವಾಗುತ್ತದೆ. ಹೊರಗೆ ಜಪಾನೀ ಹೆಸರಿನಲ್ಲಿ ಓಡಾಡುವ ಮಗುವನ್ನು ಇಲ್ಲಿ ಅದರ ಸ್ವಂತ ಕೊರಿಯನ್ ಹೆಸರಿನಿಂದ ಕರೆಯುತ್ತಾರೆ. ವಸಾಹತು ಸರಕಾರ 1940ರಲ್ಲಿ ಕೊರಿಯನರಿಗೆ ಜಪಾನೀ ಹೆಸರುಗಳನ್ನು ಹೊರಿಸಿತ್ತು. ಯುದ್ಧಾನಂತರವೂ ಮನೆ ಬಾಡಿಗೆಗೆ ಸಿಗಬೇಕು, ಕೆಲಸ ಸಿಗಬೇಕು ಎಂದು ಹೆಚ್ಚಿನವರು ಎರಡು ಹೆಸರುಗಳನ್ನು ಇಟ್ಟುಕೊಂಡೇ ಬಾಳಿದರು. ಮಗು ತನ್ನ ಹೆಸರನ್ನು ತನ್ನ ಲಿಪಿಯಲ್ಲಿ ಮೊದಲ ಸಲ ಬರೆಯುವುದು, ಅದನ್ನು ಗಟ್ಟಿಯಾಗಿ ಹೇಳುವುದು, ಜಪಾನೀ ಸಹಪಾಠಿಗಳೂ ಆ ಹೆಸರಿನಿಂದಲೇ ಕರೆಯುವುದು — ಇವೇ ಆ ತರಗತಿಯ ನಿಜವಾದ ಪಾಠಗಳು.

ಕೊರಿಯಾ ಟೌನಿನ ಪಕ್ಕದ ಮಿಯುಕಿಮೊರಿ ಪ್ರಾಥಮಿಕ ಶಾಲೆಯಲ್ಲಿ ಕೊರಿಯನ್ ಮೂಲದ ಮಕ್ಕಳೇ ಬಹುಸಂಖ್ಯೆಯಲ್ಲಿದ್ದರು. ಮಕ್ಕಳ ಸಂಖ್ಯೆ ಇಳಿದು 2021ರಲ್ಲಿ ಅದನ್ನು ಮುಚ್ಚಿದರು. ಕಟ್ಟಡ ಪಾಳು ಬೀಳಲಿಲ್ಲ. 2023ರಿಂದ ಅದು ನಾನಾ ದೇಶಗಳ ಮೂಲದ ಜನ ಕೂಡುವ, ಕಲಿಯುವ ಕೇಂದ್ರವಾಗಿದೆ. ಈಗ ಇಕುನೊಗೆ ವಿಯೆಟ್ನಾಮಿನವರೂ ನೇಪಾಳದವರೂ ಬರುತ್ತಿದ್ದಾರೆ.

ದಿನಗೂಲಿಯವರ ಕೇರಿ

ಮುಂದಿನ ದಾರಿಯಲ್ಲಿ, ದಕ್ಷಿಣದ ಶಿನ್–ಇಮಾಮಿಯಾ ನಿಲ್ದಾಣದಲ್ಲಿ ಇಳಿದರೆ ಎದುರಿಗೇ ಕಾಮಾಗಸಾಕಿ. ಇದೂ ಭೂಪಟದಲ್ಲಿಲ್ಲದ ಹೆಸರೇ. 1922ರಲ್ಲಿ ಅಧಿಕೃತವಾಗಿ ಅಳಿಸಿಹೋಯಿತು. 1966ರಿಂದ ಸರಕಾರೀ ಕಾಗದಗಳಲ್ಲಿ ಇದಕ್ಕೆ ‘ಐರಿನ್’ ಎನ್ನುತ್ತಾರೆ. ನೆರೆಕರೆಯವರ ಪ್ರೀತಿ ಎಂಬಂಥ ಅರ್ಥ. ಕೇರಿಯವರು ಮಾತ್ರ ಇಂದಿಗೂ ಕಾಮಾಗಸಾಕಿ ಎಂದೇ ಹೇಳುತ್ತಾರೆ.

1970ರ ವಿಶ್ವ ವಸ್ತುಪ್ರದರ್ಶನವನ್ನು ನೋಡಲು 6 ಕೋಟಿಗೂ ಹೆಚ್ಚು ಜನ ಬಂದರು. ಅದಕ್ಕಾಗಿ ರಸ್ತೆ ಕಡಿದವರು, ಸೇತುವೆ ಕಟ್ಟಿದವರು ಹಳ್ಳಿಗಳಿಂದಲೂ ಮುಚ್ಚಿದ ಕಲ್ಲಿದ್ದಲು ಗಣಿಗಳಿಂದಲೂ ಬಂದ ಒಂಟಿ ಗಂಡಸರು. ಮೂರು ಚಾಪೆಯಗಲದ ಬಾಡಿಗೆ ಕೋಣೆಯಲ್ಲಿ ಮಲಗಿ, ಬೆಳಕು ಹರಿಯುವ ಮೊದಲೇ ಎದ್ದು ಅಂದಂದಿನ ಕೂಲಿಗಾಗಿ ಗುತ್ತಿಗೆದಾರರ ಲಾರಿಗಳ ಮುಂದೆ ನಿಲ್ಲುತ್ತಿದ್ದರು. 1961ರ ಆಗಸ್ಟಿನಲ್ಲಿ ಟ್ಯಾಕ್ಸಿ ಬಡಿದು ಬಿದ್ದ ಮುದಿ ಕೂಲಿಯಾಳೊಬ್ಬನನ್ನು ಪೋಲೀಸರು ಆಸ್ಪತ್ರೆಗೆ ಸಾಗಿಸದೆ ರಸ್ತೆಯಲ್ಲೇ ಬಿಟ್ಟರೆಂದು ಕೇರಿ ರೊಚ್ಚಿಗೆದ್ದಿತು. ಅಂಥ ಗಲಭೆಗಳು ಮುಂದೆಯೂ ಹಲವು ಸಲ ನಡೆದುವು. 1970ರಲ್ಲಿ ಕಟ್ಟಿದ ಕೂಲಿಗಾರರ ಕೇಂದ್ರವನ್ನು 2019ರಲ್ಲಿ ಮುಚ್ಚಲಾಯಿತು. ನಗರ ಕಟ್ಟಿದವರು ಮುದುಕರಾಗಿದ್ದಾರೆ. ಅವರ ಕೋಣೆಗಳಲ್ಲಿ ಈಗ ಕಡಿಮೆ ಖರ್ಚಿನ ವಿದೇಶೀ ಪ್ರವಾಸಿಗಳು ತಂಗುತ್ತಾರೆ. 2012ರಿಂದ ಅಲ್ಲಿ ‘ಕಾಮಾಗಸಾಕಿ ಕಲಾ ವಿಶ್ವವಿದ್ಯಾಲಯ’ ಎಂಬ ಹೆಸರಿಟ್ಟು ಕವಿತೆ, ಹಾಡು, ಚಿತ್ರಕಲೆಗಳ ಬಿಟ್ಟಿ ತರಗತಿಗಳನ್ನು ನಡೆಸುತ್ತ ಬಂದಿದ್ದಾರೆ. ಪದವಿ ಕೊಡುವ ವಿಶ್ವವಿದ್ಯಾಲಯ ಅದಲ್ಲ. ಆದರೆ ಅಳಿಸಿದ ಹೆಸರನ್ನೇ ಅದು ಎತ್ತಿ ಹಿಡಿದುದು ಗಮನಾರ್ಹ.

ಕಡವು ದಾಟಿ ತೈಶೋಗೆ

ಪಶ್ಚಿಮಕ್ಕೆ ತಿರುಗಿದ ರೈಲು ತೈಶೋ ನಿಲ್ದಾಣಕ್ಕೆ ಬರುತ್ತದೆ. ಸುತ್ತಲೂ ಹೊಳೆ, ಕಾಲುವೆಗಳಿಂದಾಗಿ ತೈಶೋ ವಾರ್ಡು ಒಂದು ದ್ವೀಪದಂತಿದೆ. ದೊಡ್ಡ ಹಡಗುಗಳು ಒಳಬರುವ ಜಾಗವಾದುದರಿಂದ ಸೇತುವೆಗಳನ್ನು ಬಹಳ ಎತ್ತರಕ್ಕೆ ಕಟ್ಟಬೇಕಾಯಿತು. ನಡೆಯುವವರಿಗೂ ಸೈಕಲಿನವರಿಗೂ ಅದನ್ನು ಹತ್ತುವುದು ಕಷ್ಟ. ಆದುದರಿಂದ ಇಷ್ಟು ಮುಂದುವರಿದ ನಗರದಲ್ಲಿಯೂ ಕಡವಿನ ದೋಣಿಗಳು ಉಳಿದಿವೆ. ನಗರಸಭೆ ನಡೆಸುವ ಎಂಟು ಕಡವುಗಳಲ್ಲಿ ಏಳು ತೈಶೋದಲ್ಲಿವೆ. ಯಂತ್ರದ ದೋಣಿ ಒಂದೆರಡು ನಿಮಿಷಗಳಲ್ಲಿ ಆಚೆ ದಡ ಮುಟ್ಟಿಸುತ್ತದೆ, ಸೈಕಲನ್ನೂ ಒಯ್ಯಬಹುದು. ಕಡವು ರಸ್ತೆಯ ಭಾಗವೇ ಎಂಬ ಕಾನೂನಿನಿಂದಾಗಿ 1920ರಿಂದ ಇದಕ್ಕೆ ಕಾಸು ಕೊಡಬೇಕಾಗಿಲ್ಲ. 1973ರಲ್ಲಿ ಸುರುಳಿಯಾಕಾರದ ಸೆನ್‌ಬೊನ್‌ಮಾತ್ಸು ಸೇತುವೆ ಆದಾಗ ಕೆಳಗಿನ ಕಡವನ್ನು ನಿಲ್ಲಿಸುವ ಯೋಚನೆಯಿತ್ತು. ಜನ ಬಿಡಲಿಲ್ಲ.

ಜಪಾನಿನ ಮೊದಲ ದೊಡ್ಡ ನೂಲಿನ ಗಿರಣಿ 1883ರಲ್ಲಿ ಆರಂಭವಾದುದು ಇಲ್ಲಿಯೇ. ಅನಂತರ ಒಸಾಕಾದ ಗಿರಣಿಗಳಿಗೆ ನಮ್ಮ ದೇಶದ ಹತ್ತಿಯೂ ಹೋಗುತ್ತಿತ್ತು. ಅದಕ್ಕಾಗಿ 1893ರಲ್ಲಿ ಮುಂಬಯಿಯಿಂದ ಕೋಬೆಗೆ ಹಡಗು ಸಂಚಾರ ಪ್ರಾರಂಭವಾಯಿತು. ಗಿರಣಿಗಳಲ್ಲಿಯೂ ಮರದ ಡಿಪ್ಪೋಗಳಲ್ಲಿಯೂ ದುಡಿಯಲು ದಕ್ಷಿಣದ ಒಕಿನಾವಾ ದ್ವೀಪಗಳಿಂದ ಜನ ಬಂದರು. ಒಕಿನಾವಾ ಹಿಂದೆ ಪ್ರತ್ಯೇಕ ರಾಜ್ಯವಾಗಿತ್ತು. ಜಪಾನು ಅದನ್ನು 1879ರಲ್ಲಿ ತನ್ನೊಳಗೆ ಸೇರಿಸಿಕೊಂಡಿತು. 1920ರ ದಶಕದಲ್ಲಿ ಸಕ್ಕರೆಯ ಬೆಲೆ ಕುಸಿದಾಗ ಅಲ್ಲಿನ ರೈತರು ಸೈಕಾಸ್ ಎಂಬ ವಿಷದ ಗಿಡದ ತಿರುಳನ್ನು ತೊಳೆದು ತಿಂದು ಜೀವ ಹಿಡಿದರು. ತೊಳೆದುದು ಸಾಲದೆ ಸತ್ತವರೂ ಇದ್ದರು. ಆಗ ಹೊರಟುಬಂದವರು ತೈಶೋದ ತಗ್ಗು ನೆಲದಲ್ಲಿ ಗುಡಿಸಲು ಹಾಕಿದರು. ಇಂದು ವಾರ್ಡಿನ ಜನರಲ್ಲಿ ನಾಲ್ವರಲ್ಲೊಬ್ಬರು ಒಕಿನಾವಾ ಮೂಲದವರೆಂದು ಹೇಳುತ್ತಾರೆ. ಹಿರಾವೊ ಪೇಟೆಯಲ್ಲಿ ಹಾಗಲಕಾಯಿ, ಒಕಿನಾವಾದ ಶ್ಯಾವಿಗೆ, ಎಣ್ಣೆಯಲ್ಲಿ ಕರಿದ ಸಿಹಿ ಉಂಡೆ ಸಿಗುತ್ತವೆ.

ಒಕಿನಾವಾದ ನುಡಿ ಜಪಾನೀ ಮಾತಿಗೆ ದೂರದ ಬಂಧು. ಒಬ್ಬರದು ಇನ್ನೊಬ್ಬರಿಗೆ ತಿಳಿಯುವುದಿಲ್ಲ. ಅದನ್ನು ಭಾಷೆಯೆನ್ನದೆ ‘ಕೆಟ್ಟ ಉಪಭಾಷೆ’ ಎಂದು ಕರೆದು, ಶಾಲೆಯಲ್ಲಿ ಆಡಿದ ಮಗುವಿನ ಕೊರಳಿಗೆ ಮರದ ಹಲಗೆ ಕಟ್ಟುತ್ತಿದ್ದರು. ಇನ್ನೊಂದು ಮಗು ಅದೇ ತಪ್ಪು ಮಾಡುವ ತನಕ ಹಲಗೆ ಆ ಕೊರಳಿನಲ್ಲೇ ಇರಬೇಕು. ಮಕ್ಕಳೇ ಮಕ್ಕಳ ಮೇಲೆ ಗೂಢಚಾರರಾಗುವಂತೆ ಮಾಡಿದ ಶಿಕ್ಷೆಯಿದು. ಇಂಥ ಶಾಲೆಗಳಲ್ಲಿ ಓದಿದವರು ಒಸಾಕಾಕ್ಕೆ ಬಂದು ತಮ್ಮ ಹುಟ್ಟೂರನ್ನೇ ಮುಚ್ಚಿಟ್ಟುಕೊಂಡುದರಲ್ಲಿ ಆಶ್ಚರ್ಯವಿಲ್ಲ. 1975ರಲ್ಲಿ ತೈಶೋದ ಕೆಲವು ತರುಣರು ತಮ್ಮ ಊರಿನ ‘ಎಯ್ಸಾ’ ಎಂಬ ಡೋಲಿನ ಕುಣಿತವನ್ನು ಮೈದಾನದಲ್ಲಿ ಬಹಿರಂಗವಾಗಿ ಕುಣಿದಾಗ ಹಿರಿಯರೇ ನಾಚಿಕೆಗೇಡೆಂದು ಬೈದರು. ಆ ಉತ್ಸವ ಇಂದು ಸಾವಿರಾರು ಜನ ಸೇರುವ ಊರಹಬ್ಬ. 1985ರಲ್ಲಿ ಅಲ್ಲಿ ಒಕಿನಾವಾದ ಪುಸ್ತಕಗಳ ಗ್ರಂಥಾಲಯವೂ ತೆರೆಯಿತು. ಆದರೆ ಮಾತು? ಯುನೆಸ್ಕೋ ಸಂಸ್ಥೆ 2009ರಲ್ಲಿ ಒಕಿನಾವಾದ ನುಡಿಯನ್ನು ಅಳಿವಿನಂಚಿನ ಭಾಷೆಗಳ ಪಟ್ಟಿಗೆ ಸೇರಿಸಿದೆ. ಕುಣಿತ ಉಳಿಯಿತು, ತಿಂಡಿ ಉಳಿಯಿತು. ಮಾತು ಮಾತ್ರ ಅಜ್ಜ ಅಜ್ಜಿಯರಲ್ಲಿ ನಿಂತಿದೆ.

ನಮಗೆ ಸಿಕ್ಕಿರುವುದು

ಉಂಗುರದ ರೈಲು ಒಂದು ಸುತ್ತು ಮುಗಿಸಿತು. ಹೋಲಿಕೆಗೂ ಒಂದು ಮಿತಿಯುಂಟು. ಒಸಾಕಾದ ಕೊರಿಯನರು ಸಮುದ್ರ ದಾಟಿ ಬಂದವರು. ನಾವು ಇದ್ದಲ್ಲೇ ಇದ್ದೆವು, 1956ರಲ್ಲಿ ಗಡಿ ನಮ್ಮನ್ನು ದಾಟಿ ಹೋಯಿತು. ಆದರೂ ಊರ ಹೆಸರು ಅಳಿಯುವ ಸಂಕಟ ನಮಗೆ ಅಪರಿಚಿತವಲ್ಲ. 2021ರಲ್ಲಿ ನಮ್ಮ ಕೆಲವು ಗ್ರಾಮಗಳ ಕನ್ನಡ ಹೆಸರುಗಳು ಬದಲಾಗಲಿವೆ ಎಂಬ ಸುದ್ದಿ ಹಬ್ಬಿ, ಅಂಥ ನಿರ್ಧಾರವಿಲ್ಲವೆಂದು ಕೇರಳ ಸರಕಾರ ಸ್ಪಷ್ಟಪಡಿಸುವ ತನಕ ನಾವೆಲ್ಲ ಎಷ್ಟು ಕಳವಳಪಟ್ಟೆವೆಂಬುದು ನೆನಪಿದೆ.

ಇನ್ನೊಂದು ವ್ಯತ್ಯಾಸವನ್ನು ಹೆತ್ತವರ ಮುಂದಿಡಬೇಕಾಗಿದೆ. ಇಕುನೊದ ಮಗುವಿಗೆ ತನ್ನ ಭಾಷೆಗಾಗಿ ಸಿಗುವುದು ವಾರಕ್ಕೊಂದು ಗಂಟೆ. ನಮ್ಮ ಮಗುವಿಗೆ ಒಂದನೆಯ ತರಗತಿಯಿಂದ ಹತ್ತನೆಯ ತನಕ ಕನ್ನಡದಲ್ಲೇ ಗಣಿತ, ವಿಜ್ಞಾನ, ಚರಿತ್ರೆ ಕಲಿಯುವ ಶಾಲೆಗಳಿವೆ. ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣ ಕೊಡಬೇಕೆಂದು ಸಂವಿಧಾನದ 350–ಎ ವಿಧಿ ಹೇಳುತ್ತದೆ. ಕನ್ನಡ ಬಲ್ಲ ಅಧ್ಯಾಪಕರ ನೇಮಕಕ್ಕಾಗಿ ನಾವು ಹೋರಾಡಬೇಕು, ನಿಜ. ಆದರೆ ಹೋರಾಟದಿಂದ ಬಂದ ಅಧ್ಯಾಪಕರ ಮುಂದೆ ಕುಳಿತುಕೊಳ್ಳಲು ಮಕ್ಕಳನ್ನು ಕಳುಹಿಸಬೇಕಾದವರೂ ನಾವೇ. ತರಗತಿಯಲ್ಲಿ ಮಕ್ಕಳಿಲ್ಲದಿದ್ದರೆ ಯಾವ ಸುತ್ತೋಲೆಯೂ ಇಲ್ಲದೆ ಶಾಲೆ ಮುಚ್ಚುತ್ತದೆ. ಬರುವ ಜೂನಿನಲ್ಲಿ ಮಗುವನ್ನು ಯಾವ ಶಾಲೆಗೆ ಸೇರಿಸಬೇಕೆಂದು ಯೋಚಿಸುವ ತಂದೆತಾಯಿಗಳು ಶಾಲೆ ಬಿಟ್ಟ ಮೇಲೆ ಒಂದು ಗಂಟೆ ಉಳಿದು ತನ್ನ ಹೆಸರು ಬರೆಯಲು ಕಲಿಯುವ ಇಕುನೊದ ಮಗುವನ್ನು ಒಮ್ಮೆ ನೆನೆಯಲಿ.